ಮಂತ್ರ ಯಾವುದೇ ಇರಲಿ, ಬೀಗದ ಕೈ ಯಾರದು?

ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಫೋಟೊ ನೋಡದವರು ಈಗ ಕಡಿಮೆ. ಚಾವಣಿ ಎಂದೋ ಹೋಗಿದೆ; ಕಮಾನುಗಳೂ ಗೋಡೆಗಳೂ ಉಳಿದಿವೆ. ಮಳೆಗಾಲದಲ್ಲಿ ಹೇಮಾವತಿ ಜಲಾಶಯ ತುಂಬಿದರೆ ಕಟ್ಟಡ ನೀರೊಳಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಫ್ಯಾಂಟಸಿ ಆಟಕ್ಕೆ ಲೋಕ ಕಟ್ಟುವ ಹುಡುಗರ ಕೈಗೆ ಈ ಚಿತ್ರ ಸಿಕ್ಕರೆ ಸಾಮಾನ್ಯವಾಗಿ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಒಳಗೊಂದು ದೆವ್ವ, ದೆವ್ವದ ಕಾವಲಿನಲ್ಲಿ ಒಂದು ನಿಧಿ, ನಿಧಿಗೊಂದು ಶಾಪ. ಅಲ್ಲಿಗೆ ಕಲ್ಪನೆಯ ಕೆಲಸ ಮುಗಿಯಿತು.

ಆದರೆ ಆ ಜಾಗದ ನಿಜ ಸಂಗತಿ ದೆವ್ವಕ್ಕಿಂತ ಸ್ವಾರಸ್ಯದ್ದು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದರೆನ್ನುವ ಚರ್ಚು ಅದು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಸುಮಾರು 37 ಟಿಎಂಸಿ ಅಡಿ ನೀರು ನಿಲ್ಲುವ ಜಲಾಶಯಕ್ಕಾಗಿ ಸುತ್ತಲಿನ ಊರುಗಳ ಜನ ಮನೆ, ಹೊಲ, ಸ್ಮಶಾನ ಬಿಟ್ಟು ಎದ್ದರು. ಆ ನೀರು ನಾಲೆ ಹಿಡಿದು ಹಾಸನ, ತುಮಕೂರು, ಮಂಡ್ಯದ ಗದ್ದೆಗಳಿಗೆ ಹೋಗುತ್ತದೆ. ಒಬ್ಬರ ಊರು ಮುಳುಗಿದ್ದಕ್ಕೆ ಇನ್ನೊಬ್ಬರ ಪೈರು ನಿಂತಿದೆ. ಗೇಟು ಎತ್ತುವ ದಿನವನ್ನು ಗೊತ್ತುಮಾಡುವವರು ಈ ಇಬ್ಬರೂ ಅಲ್ಲ. ಮಾಯೆಯ ಸಂಸ್ಕೃತಿಯೊಂದನ್ನು ಕಟ್ಟಲು ಹೊರಟವರಿಗೆ ಬೇಕಾದ ಪ್ರಶ್ನೆಗಳು ಇವೇ: ಪಡೆಯುವವರು ಯಾರು, ತೆರುವವರು ಯಾರು, ಕೀಲಿ ಯಾರ ಸೊಂಟದಲ್ಲಿದೆ? ಮಂತ್ರದ ಪಟ್ಟಿ ಆಮೇಲೆ ಬರೆದರಾಯಿತು. ನಮ್ಮ ಆಟಗಾರರು ಅದನ್ನೇ ಮೊದಲು ಬರೆಯುತ್ತಾರೆ, ಬಹಳ ಸಲ ಅದನ್ನೊಂದೇ ಬರೆಯುತ್ತಾರೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ; ಒಬ್ಬರು ಮಾತ್ರ ಲೋಕವನ್ನು ವರ್ಣಿಸುತ್ತ ಆಟ ನಡೆಸುತ್ತಾರೆ. ಕತ್ತಿ ಬೀಸಿದ್ದು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ, ಉಳಿದದ್ದೆಲ್ಲ ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳ ತಾಯಿಬೇರು. ಅದರ ಹಳೆಯ ಆವೃತ್ತಿಗಳಲ್ಲಿ ಮಾಂತ್ರಿಕ ಬೆಳಿಗ್ಗೆ ಮಂತ್ರ ಬಾಯಿಪಾಠ ಮಾಡುತ್ತಿದ್ದ, ಒಮ್ಮೆ ಬಳಸಿದರೆ ಅದು ತಲೆಯಿಂದ ಅಳಿಸಿಹೋಗುತ್ತಿತ್ತು. ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನಿಂದ ತಂದ ಉಪಾಯ ಇದು. ಆಟದ ಲೆಕ್ಕಕ್ಕೆ ಚೊಕ್ಕವಾಗಿದೆ. ಆದರೆ ಆ ಮಾಂತ್ರಿಕನಿಗೆ ಕಲಿಸಿದವರು ಯಾರು, ಗುರುದಕ್ಷಿಣೆ ಎಷ್ಟಾಯಿತು, ಅವನು ಬೀದಿಯಲ್ಲಿ ಬಂದರೆ ಊರವರು ನಮಸ್ಕರಿಸುತ್ತಾರೋ ಬಾಗಿಲು ಹಾಕಿಕೊಳ್ಳುತ್ತಾರೋ ಎಂದರೆ ನಿಯಮಪುಸ್ತಕಕ್ಕೆ ಗೊತ್ತಿಲ್ಲ.

ವಿಡಿಯೊ ಗೇಮ್‌ಗಳಲ್ಲಿ ತೆರೆಯ ಮೂಲೆಯಲ್ಲಿ ನೀಲಿ ಪಟ್ಟಿಯಾಗಿ ಕಾಣುವ 'ಮಾನ'ದ ಕತೆಯೂ ಹೀಗೆಯೇ. ಅದು ಪೆಸಿಫಿಕ್ ದ್ವೀಪಗಳ ಜನರ ನಂಬಿಕೆಯೊಂದಕ್ಕೆ ಸೇರಿದ್ದು. 1891ರಲ್ಲಿ ಕಾಡ್ರಿಂಗ್ಟನ್ ಎಂಬ ಪಾದ್ರಿ ಅದನ್ನು ಪುಸ್ತಕಕ್ಕೆ ತಂದ. 1969ರಲ್ಲಿ ಲ್ಯಾರಿ ನಿವೆನ್ ತನ್ನ ಕತೆಯೊಂದರಲ್ಲಿ ಅದನ್ನು ಬಳಸಿದಷ್ಟೂ ಬತ್ತುವ ಇಂಧನವನ್ನಾಗಿಸಿದ. ಅಲ್ಲಿಂದ ಮುಂದೆ ಆಟಗಳು ಎತ್ತಿಕೊಂಡವು. ದ್ವೀಪ ಹೋಯಿತು, ಹಿರಿಯರು ಹೋದರು, ಅಳತೆಪಟ್ಟಿ ಉಳಿಯಿತು.

ಬೇರೆ ದಾರಿ ಹಿಡಿದವರೂ ಇದ್ದರು. ಗ್ರೆಗ್ ಸ್ಟ್ಯಾಫರ್ಡ್ ಕಲ್ಪಿಸಿದ ಗ್ಲೊರಾಂಥಾ ಲೋಕದಲ್ಲಿ ನಡೆಯುವ 'ರೂನ್‌ಕ್ವೆಸ್ಟ್' 1978ರಲ್ಲಿ ಬಂತು. ಅಲ್ಲಿ ಶಕ್ತಿ ಬೇಕೆಂದರೆ ಯಾವುದಾದರೂ ದೈವದ ಪಂಥಕ್ಕೆ ಸೇರಬೇಕು, ಅದರ ಹಬ್ಬಕ್ಕೆ ಹಾಜರಾಗಬೇಕು, ಅದರ ನಿಷೇಧ ಪಾಲಿಸಬೇಕು. ಅದಕ್ಕೂ ಮೊದಲೇ 1975ರಲ್ಲಿ ಎಂ. ಎ. ಆರ್. ಬಾರ್ಕರ್ ಎಂಬ ಭಾಷಾವಿಜ್ಞಾನಿ, ಉರ್ದು ಮತ್ತು ಬಲೂಚಿ ಕಲಿಕೆಗೆ ಪಠ್ಯ ಬರೆದವನು, ಭಾರತ ಮತ್ತು ಮಧ್ಯ ಅಮೆರಿಕದ ಛಾಯೆಗಳಿರುವ ಟೆಕುಮೆಲ್ ಎಂಬ ಲೋಕವನ್ನು ಲಿಪಿ, ವ್ಯಾಕರಣ, ದೇವತಾಗಣ ಸಹಿತ ಆಟಕ್ಕೆ ತಂದ. (ಇದೇ ಬಾರ್ಕರ್ ಮರೆಹೆಸರಿನಲ್ಲಿ ನವನಾಜಿ ಕಾದಂಬರಿಯೊಂದನ್ನು ಬರೆದಿದ್ದನೆಂದು ಅವನ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ 2022ರಲ್ಲಿ ಒಪ್ಪಿಕೊಂಡಿತು. ಪರರ ಸಂಸ್ಕೃತಿಯ ವ್ಯಾಕರಣ ಬಲ್ಲವರೆಲ್ಲ ಪರರನ್ನು ಗೌರವಿಸುತ್ತಾರೆಂದೇನಿಲ್ಲ.)

ಹಾಸನ ಜಿಲ್ಲೆಯ ಹುಡುಗಿಯೊಬ್ಬಳು ಇಂಥ ಲೋಕ ಕಟ್ಟಬೇಕೆಂದರೆ ಗ್ಲೊರಾಂಥಾದ ತನಕ ಹೋಗಬೇಕಾಗಿಲ್ಲ. ಹಾಸನಾಂಬೆಯ ಗುಡಿ ಸಾಕು.

ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಆ ಗುಡಿಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ವರ್ಷ. ಮುಚ್ಚುವಾಗ ಹಚ್ಚಿಟ್ಟ ದೀಪ ಆರುವುದಿಲ್ಲ, ಮುಡಿಸಿದ ಹೂ ಬಾಡುವುದಿಲ್ಲ, ಇಟ್ಟ ನೈವೇದ್ಯ ಹಳಸುವುದಿಲ್ಲ ಎಂಬುದು ಭಕ್ತರ ನಂಬಿಕೆ. ಇದನ್ನು ಪ್ರಶ್ನಿಸಿದ ವಿಚಾರವಾದಿಗಳೂ ಇದ್ದಾರೆ. ಬಾಗಿಲು ತೆರೆಯುವ ವಿಧಾನವನ್ನು ಗಮನಿಸಬೇಕು. ದೇವಿಯ ಒಡವೆ ಇರುವುದು ಜಿಲ್ಲಾ ಖಜಾನೆಯಲ್ಲಿ. ಅಲ್ಲಿಂದ ಮೆರವಣಿಗೆಯಲ್ಲಿ ಬರುತ್ತದೆ. ಅರಸು ಮನೆತನದವರು ಗರ್ಭಗುಡಿಯ ಎದುರು ಬಾಳೆಕಂದು ಕಡಿಯಬೇಕು. ಅಧಿಕಾರಿಗಳು, ಜನಪ್ರತಿನಿಧಿಗಳು ಎದುರಿಗಿರಬೇಕು. ಪೂಜಾರಿ, ಅರಸು, ಸರ್ಕಾರ, ಈ ಮೂವರಲ್ಲಿ ಒಬ್ಬರು ಬಾರದಿದ್ದರೂ ವಿಧಿ ಪೂರ್ತಿಯಾಗದು. ಹೊರಗೆ ಲಕ್ಷಾಂತರ ಜನರ ಸಾಲು. ಧರ್ಮದರ್ಶನದ ಸಾಲು ಬೇರೆ, 300 ರೂಪಾಯಿಯ ಟಿಕೆಟ್ಟಿನ ಸಾಲು ಬೇರೆ, 1000ದ್ದು ಬೇರೆ, ಗಣ್ಯರದು ಇನ್ನೂ ಬೇರೆ. ಆ ನಾಲ್ಕನೆಯ ಸಾಲಿನ ಬಗ್ಗೆ ಪ್ರತಿ ವರ್ಷ ಜಗಳವಾಗುತ್ತದೆ, ಆಗಲೇಬೇಕು.

ಆಟದ ಲೋಕ ಕಟ್ಟುವವರು ಇಂಥ ವಿವರವನ್ನು ರಸಭಂಗವೆಂದು ಬಿಟ್ಟುಬಿಡುತ್ತಾರೆ. ಪವಾಡದ ಬಾಗಿಲಲ್ಲಿ ಟಿಕೆಟ್ ಕೌಂಟರ್ ಯಾಕೆ ಎನ್ನುತ್ತಾರೆ. ಆದರೆ ಕೌಂಟರ್ ಇರುವ ಕಡೆಯೇ ಕತೆ ಹುಟ್ಟುವುದು. ವರ್ಷದಲ್ಲಿ ಹತ್ತು ಹನ್ನೆರಡು ದಿನ ಮಾತ್ರ ಸಿಗುವ ಶಕ್ತಿಗೆ ಕಾಯುವವರ ತಾಳ್ಮೆ, ಕಾಯಲಾರದವರ ಲಂಚ, ಖಜಾನೆಯ ಗುಮಾಸ್ತನ ರಿಜಿಸ್ಟರು, ಬಾಳೆಕಂದು ಕಡಿಯುವ ಹಕ್ಕು ಅಣ್ಣನದೋ ತಮ್ಮನದೋ ಎಂಬ ದಾಯಾದಿ ಮಾತು, ಎಲ್ಲ ಸೇರಿ ಒಂದು ಸಂಸ್ಕೃತಿ. ದಿನವೂ ಬೆಳಿಗ್ಗೆ ಹೊಸದಾಗಿ ತುಂಬಿಕೊಳ್ಳುವ ನೀಲಿ ಪಟ್ಟಿಯಲ್ಲಿ ಇದು ಯಾವುದಕ್ಕೂ ಜಾಗವಿಲ್ಲ.

ಸ್ಥಳಪುರಾಣ ಇನ್ನೂ ಹೆಚ್ಚು ಕೊಡುತ್ತದೆ. ಸಪ್ತಮಾತೃಕೆಯರು ಇತ್ತ ಬಂದರಂತೆ. ಮೂವರು ಹಾಸನದಲ್ಲಿ ಹುತ್ತವಾಗಿ ನೆಲೆಸಿದರು, ಮೂವರು ದೇವಿಗೆರೆಯಲ್ಲಿ ಉಳಿದರು, ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಗೆ ಹೋದಳು. ಒಂದೇ ಶಕ್ತಿ ಜಿಲ್ಲೆಯ ಮೇಲೆ ಹೀಗೆ ಹಂಚಿಹೋದದ್ದರಿಂದ ಊರೂರಿಗೆ ಅಕ್ಕತಂಗಿಯರ ಸಂಬಂಧ ಬೆಳೆಯಿತು. ಇನ್ನು ಸೊಸೆಕಲ್ಲಿನ ಕತೆ. ಅತ್ತೆಯ ಕಾಟ ತಿನ್ನುತ್ತಿದ್ದ ಸೊಸೆಯೊಬ್ಬಳು ದೇವಿಯ ಮುಂದೆ ಮೈಮರೆತು ನಿಂತಿದ್ದಾಗ ಅತ್ತೆ ಬಂದು ಹೊಡೆದಳು. ನೋವಿಗೆ ಅವಳು ಅಮ್ಮನನ್ನು ಕೂಗಿದಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

ಒಂದು ಕಾಳು ಆರು ಮಿಲಿಮೀಟರ್ ಎಂದುಕೊಂಡರೆ ಒಂದು ಮೀಟರ್ ಸರಿಯಲು ನೂರ ಅರವತ್ತು ವರ್ಷಕ್ಕೂ ಹೆಚ್ಚು ಬೇಕು. ಲೋಕಾಂತ್ಯಕ್ಕೆ ಗಡಿಯಾರ ಇಡುವುದು ಫ್ಯಾಂಟಸಿ ಬರಹಗಾರರ ಹಳೆಯ ಚಟ. ಧೂಮಕೇತು, ಗ್ರಹಣ, ಏಳನೆಯ ಮುದ್ರೆ ಹೀಗೆ. ಒಬ್ಬ ಸೊಸೆಯ ಕಷ್ಟವನ್ನೇ ಗಡಿಯಾರದ ಮುಳ್ಳಾಗಿಸಿ, ಅದನ್ನು ಅಕ್ಕಿಕಾಳಿನಲ್ಲಿ ಅಳೆದ ಈ ಜನಪದರ ಬುದ್ಧಿಗೆ ಸಮನಾದದ್ದು ಆಟದ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಇದರಲ್ಲಿ ಇನ್ನೊಂದು ಕಹಿಯೂ ಇದೆ: ದೇವಿ ಅತ್ತೆಯನ್ನು ತಿದ್ದಲಿಲ್ಲ, ಸೊಸೆಯನ್ನು ಕಲ್ಲು ಮಾಡಿದಳು. ಆ ಲೋಕದ ಹೆಣ್ಣುಮಕ್ಕಳು ಇದನ್ನು ವರವೆನ್ನುತ್ತಾರೋ ಇನ್ನೇನೆನ್ನುತ್ತಾರೋ? ಮೇಜಿನ ಸುತ್ತ ಕೂತವರು ಅದನ್ನು ವಾದಿಸಲಿ.

ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದರೆ ಶ್ರವಣಬೆಳಗೊಳ. ಕ್ರಿ.ಶ. 981ರಲ್ಲಿ ಗೊಮ್ಮಟನ ವಿಗ್ರಹ ನಿಂತಾಗ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ತೊಡೆಯಿಂದ ಕೆಳಗಿಳಿಯಲಿಲ್ಲ, ಬಡ ಮುದುಕಿಯೊಬ್ಬಳು ಗುಳ್ಳದ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು ಎಂದು ಐತಿಹ್ಯ. ಗುಳ್ಳೆಕಾಯಜ್ಜಿ ಎಂದು ಹೆಸರಾದ ಆ ಮುದುಕಿಯ ಮೂರ್ತಿ ಇಂದಿಗೂ ಗೊಮ್ಮಟನ ಎದುರಿಗಿದೆ. ಹೆಚ್ಚು ಹಾಕಿದರೆ ಹೆಚ್ಚು ಫಲ ಎಂಬ ಅಂಕಗಣಿತದ ಮೇಲೆ ನಿಂತ ಆಟಕ್ಕೆ ಈ ಅಜ್ಜಿ ದೊಡ್ಡ ತಲೆನೋವು. ಅವಳನ್ನು ಹತ್ತಿಕ್ಕದೆ ನಿಯಮ ಬರೆಯಬಲ್ಲವನೇ ಒಳ್ಳೆಯ ವಿನ್ಯಾಸಕ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕತೆ ಎಲ್ಲರಿಗೂ ಗೊತ್ತು. ಮೂರ್ತಿಯ ಹೊಟ್ಟೆಯೊಳಗೆ ನೀರೂ ಕಪ್ಪೆಯೂ ಇದ್ದದ್ದು ತಿಳಿದು ಶಿಲ್ಪಿ ಜಕಣಾಚಾರಿ ತನ್ನ ಬಲಗೈ ಕಡಿದುಕೊಂಡ. ಶಾಸನಗಳಲ್ಲಿ ಮಾತ್ರ ಈ ಜಕಣ ಕಾಣುವುದಿಲ್ಲ. ಕಾಣುವವರು ಬೇರೆಯವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿಯಲ್ಲಿ ಮಲ್ಲಿತಮ್ಮ ಮತ್ತು ಬೈಚೋಜ ಕೊರೆದಿದ್ದಾರೆ. ಕೆಲಸ ಮಾಡಿದವರ ಸಹಿ ಕಲ್ಲಿನಲ್ಲಿದೆ, ಕೀರ್ತಿ ಕತೆಯಲ್ಲಿರುವವನಿಗೆ ಸಂದಿದೆ. ಕುಶಲಕರ್ಮವೇ ಮಾಯೆಯಾಗಿರುವ ಲೋಕವೊಂದನ್ನು ಕಲ್ಪಿಸುವವರಿಗೆ ಇದಕ್ಕಿಂತ ಒಳ್ಳೆಯ ಬಿಕ್ಕಟ್ಟು ಬೇಕೆ?

ಮಾಯೆಯ ನಿಯಮ ಎಷ್ಟು ಬಿಗಿಯಾಗಿರಬಹುದು ಎಂಬುದಕ್ಕೆ ಮಾದರಿ ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕತೆ. ಅವರ ಮರಣದ ನಂತರ 1997ರಲ್ಲಿ ಬಂದ ಇಂಗ್ಲಿಷ್ ಸಂಕಲನಕ್ಕೆ ಇದೇ ಕತೆಯ ಹೆಸರಿದೆ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನಾಧರಿಸಿ 'ಚೆಲುವಿ' ಚಿತ್ರ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಬಡ ತಾಯಿಗೆ ನೆರವಾಗಲು ಕಿರಿಯ ಮಗಳು ಮರವಾಗುತ್ತಾಳೆ. ನೆಲ ಗುಡಿಸಿ ಸಾರಿಸಿರಬೇಕು. ಎರಡು ಕೊಡ ನೀರು, ಒಂದು ಮರವಾಗಲು, ಇನ್ನೊಂದು ಮರಳಿ ಮನುಷ್ಯಳಾಗಲು. ನೀರು ಹೊಯ್ಯುವವರು ಇನ್ನೊಬ್ಬರು. ಹೂ ಬಿಡಿಸುವಾಗ ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ಅಕ್ಕ ಮಾಡಿದಾಗ ಎಲ್ಲವೂ ಸರಿ. ಅರಮನೆ ಸೇರಿದ ಮೇಲೆ ಗಂಡ ತನ್ನ ಸುಖಕ್ಕೆ ಕೇಳುತ್ತಾನೆ, ನಾದಿನಿ ಗೆಳತಿಯರ ಮುಂದೆ ಮೆರೆಯಲು ಕೇಳುತ್ತಾಳೆ. ಆ ಹುಡುಗಿಯರು ಕೊಂಬೆ ಮುರಿದು, ನೀರು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಉಳಿಯುವುದು ಕೈಕಾಲಿಲ್ಲದ ಒಂದು ಮೊಂಡು ದೇಹ.

ಈ ಕತೆಯಲ್ಲಿ ಮಂತ್ರಶಕ್ತಿ ಒಂದು ಚೂರೂ ಬದಲಾಗುವುದಿಲ್ಲ. ಬದಲಾಗುವುದು ನೀರಿನ ಕೊಡ ಹಿಡಿದ ಕೈ. ಶಕ್ತಿಯುಳ್ಳವಳೇ ಎಲ್ಲರಿಗಿಂತ ನಿಸ್ಸಹಾಯಕಳು, ಏಕೆಂದರೆ ಮರಳಿ ಬರುವ ದಾರಿ ಬೇರೆಯವರ ಕೈಯಲ್ಲಿದೆ. ಪಶ್ಚಿಮದ ಬರಹಗಾರರಲ್ಲಿ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಹೇಳಿದ ಸೂತ್ರವೊಂದು ಆಟಗಾರರಿಗೆ ಬಾಯಿಪಾಠ: ಓದುಗರಿಗೆ ಮಾಯೆಯ ನಿಯಮ ಎಷ್ಟು ತಿಳಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕತೆಯ ಗಂಟು ಬಿಡಿಸಬಹುದು. ಸರಿಯಾದ ಮಾತೇ. ಆದರೆ ಅದು ಗಂಟು ಬಿಡಿಸುವವನ ಕಡೆಯಿಂದ ಹೇಳಿದ್ದು. ಅಜ್ಜಿಯರ ಕತೆಗಳು ನಿಯಮ ಮುರಿದಾಗ ಯಾರ ಮೈ ಮುರಿಯುತ್ತದೆ ಎಂದು ಕೇಳುತ್ತವೆ. ರಾಮಾನುಜನ್ ಹೇಳಿದ ಮತ್ತೊಂದು ಕತೆಯಿಂದ ಹುಟ್ಟಿದ ಕಾರ್ನಾಡರ 'ನಾಗಮಂಡಲ'ದಲ್ಲಿ ಗಂಡನನ್ನು ಒಲಿಸಿಕೊಳ್ಳಲು ಕುರುಡವ್ವ ಕೊಟ್ಟ ಬೇರು ಸಾರಿನೊಡನೆ ಹುತ್ತಕ್ಕೆ ಬಿದ್ದು, ಒಲಿದವನು ನಾಗ. ಮದ್ದು ಕೆಲಸ ಮಾಡಿತು, ಗುರಿ ತಪ್ಪಿತು. ದಾಳದಲ್ಲಿ ಒಂದು ಬಿದ್ದರೆ ಬೆಂಕಿ ಆರಿತು ಎನ್ನುವ ಆಟಗಳು ಇಲ್ಲಿ ಕಲಿಯಬಹುದು.

ಇನ್ನು ಸಂಶಯ. ಕಲ್ಪಿತ ಲೋಕಗಳಲ್ಲಿ ಎಲ್ಲರೂ ಮಾಯೆಯನ್ನು ನಂಬುತ್ತಾರೆ, ಮೋಸ ಮಾಡುವವನೂ ಇಲ್ಲ, ಪರೀಕ್ಷಿಸುವವನೂ ಇಲ್ಲ. ಇಂಥ ಸಪ್ಪೆ ಸಮಾಜ ಎಲ್ಲೂ ಇರಲಾರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದರು. ಗಾಳಿಯಲ್ಲಿ ಉಂಗುರ ತೆಗೆಯುತ್ತಿದ್ದ ಸತ್ಯ ಸಾಯಿಬಾಬಾ ಅವರಿಗೆ ಅವರು ಹಾಕಿದ ಸವಾಲು ಪ್ರಸಿದ್ಧ: ಉಂಗುರ ಬರುವ ಕೈಯಲ್ಲಿ ಒಂದು ಕುಂಬಳಕಾಯಿ ಬರಲಿ. ತೋಳಿನೊಳಗೆ ಅಡಗಿಸಲಾಗದ ವಸ್ತು ಅದು. ಬಾಬಾ ಪರೀಕ್ಷೆಗೆ ಒಡ್ಡಿಕೊಳ್ಳಲಿಲ್ಲ. ಮಾಯೆ ನಿಜವೇ ಆಗಿರುವ ಲೋಕದಲ್ಲಿ ಈ ಕುಂಬಳಕಾಯಿಯ ಪ್ರಶ್ನೆಗೆ ಇನ್ನೂ ಬೆಲೆ ಹೆಚ್ಚು, ಏಕೆಂದರೆ ಅಲ್ಲಿ ನಿಜದ ಮಾಂತ್ರಿಕರ ನಡುವೆ ಕಳ್ಳ ಮಾಂತ್ರಿಕನಿಗೆ ಅಡಗಿಕೊಳ್ಳಲು ಜಾಗ ಹೆಚ್ಚು.

ಕಾನೂನನ್ನೂ ಮರೆಯುವಂತಿಲ್ಲ. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿಯ ಆಸೆಗೆ ಮಾಡುವ ಅಮಾನುಷ ಕೃತ್ಯಗಳು, ಎಂಜಲೆಲೆಯ ಮೇಲೆ ಉರುಳಿಸುವ ಮಡೆಸ್ನಾನ ನಿಷಿದ್ಧ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗೆ ಅಡ್ಡಿಯಿಲ್ಲ. ಯಾವುದನ್ನು ಪಟ್ಟಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಒಂದು ರಾಜ್ಯ ಮಾಯೆಯ ಮುಂದೆ ಕೂತು ಇದು ಭಕ್ತಿ, ಇದು ಅಪರಾಧ ಎಂದು ಗೆರೆ ಎಳೆಯುವ ಆ ಹೊತ್ತು ಯಾವ ಡ್ರ್ಯಾಗನ್ ಯುದ್ಧಕ್ಕೂ ಕಡಿಮೆಯದಲ್ಲ.

ಹಾಗೆಂದು ಹಾಸನಾಂಬೆಯನ್ನೇ ಎತ್ತಿ ಆಟದ ಪುಸ್ತಕದಲ್ಲಿ ಅಂಕ ಹಾಕಿ ಕೂರಿಸಬೇಕೇ? ಬೇಡ. 1980ರಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನವರು ಒಂದು ಪುಸ್ತಕದಲ್ಲಿ ಭಾರತದ ದೇವತೆಗಳಿಗೂ ಪ್ರಾಣಾಂಕ, ರಕ್ಷಾಂಕ ಕೊಟ್ಟಿದ್ದರು. ಕೊಲ್ಲಲು ಸಾಧ್ಯವಾಗುವಂತೆ ದೇವರನ್ನು ಅಳೆದ ಆ ಪುಟಗಳು ಈಗ ಓದಿದರೆ ಅಸಭ್ಯಕ್ಕಿಂತ ಹೆಚ್ಚಾಗಿ ಪೆದ್ದುತನವೆನ್ನಿಸುತ್ತವೆ. ಹತ್ತಿರದ ಉದಾಹರಣೆಯೂ ಇದೆ. 'ಕಾಂತಾರ' ಚಿತ್ರಗಳು ಕರಾವಳಿಯ ದೈವಾರಾಧನೆಯನ್ನು ದೇಶಕ್ಕೆಲ್ಲ ತೋರಿಸಿದ ಮೇಲೆ ಜನ ಚಿತ್ರಮಂದಿರದಲ್ಲೇ ದೈವದ ಅನುಕರಣೆಗೆ ಇಳಿದರು. ಹಾಗೆ ಮಾಡಬೇಡಿ ಎಂದು 2025ರಲ್ಲಿ ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಬದುಕಿರುವ ನಂಬಿಕೆಯಿಂದ ವೇಷ ತೆಗೆದುಕೊಂಡರೆ ಆಗುವುದು ಇದು. ಕಟ್ಟಡದ ಕ್ರಮ ತೆಗೆದುಕೊಂಡರೆ ಯಾರ ಮನಸ್ಸೂ ನೋಯಬೇಕಾಗಿಲ್ಲ: ಮುಚ್ಚಿದ ಬಾಗಿಲು, ಹಂಚಿಹೋದ ಶಕ್ತಿ, ಮೂರು ಕೈಗಳಲ್ಲಿರುವ ಕೀಲಿ, ಅಕ್ಕಿಕಾಳಿನ ಗಡಿಯಾರ.

ಆಡುವ ಬಗೆಯಲ್ಲೂ ಕನ್ನಡಿಗರು ಹೊಸಬರಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಚಾಪೆಯ ಮೇಲೆ ಕೂತು ಪಾತ್ರವಾಗಿ ಮಾತಾಡುವ ತಾಳಮದ್ದಳೆ ಕರಾವಳಿ, ಮಲೆನಾಡು, ಕಾಸರಗೋಡಿನಲ್ಲಿ ಇಂದಿಗೂ ನಡೆಯುತ್ತದೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ರಾವಣನಾಗಿ ಕೂತರೆ ಎದುರಿನ ರಾಮ ಬೆವರಬೇಕಿತ್ತು. ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಆದರೂ ಸಾಯುವ ಮೊದಲು ಅವನು ಕೇಳುವ ಪ್ರಶ್ನೆಗೆ ಇವತ್ತಿನ ರಾಮ ಏನೆನ್ನುತ್ತಾನೆ ಎಂದು ಜನ ಕಾಯುತ್ತಾರೆ. ಮೇಜಿನ ಆಟದಲ್ಲಿ ಕೊನೆ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಆ ಕಟ್ಟಡದ ಕ್ರಮವನ್ನೂ ತಾಳಮದ್ದಳೆಯ ಮಾತನ್ನೂ ಕೂಡಿಸಿ ಒಂದು ಲೋಕ ಹೀಗೆ ಶುರುವಾಗಬಹುದು. ಜ್ವರ ಇಳಿಸುವ ಮನೆತನವೊಂದಿದೆ. ಇಳಿದ ಜ್ವರ ಎಲ್ಲಿಗೂ ಹೋಗುವುದಿಲ್ಲ, ಆ ಮನೆಯ ಕಿರಿಸೊಸೆಯ ಮೈಗೆ ಬಂದು ಮುಂದಿನ ಸಂತೆಯವರೆಗೆ ಇರುತ್ತದೆ. ಕಾಣಿಕೆ ಎಣಿಸಿಕೊಳ್ಳುವವನು ಮಾವ. ಈ ವರ್ಷ ಬಂದ ಸೊಸೆ ಒಲ್ಲೆ ಎಂದಿದ್ದಾಳೆ. ಹೊರಗೆ ಪಾಳೆಯಗಾರನ ಮಗು ಜ್ವರದಲ್ಲಿ ಬೇಯುತ್ತಿದೆ. ಅದರ ಹಿಂದಿನ ಸಾಲಿನಲ್ಲಿ ಕುಂಬಾರನ ಮಗುವೂ ಇದೆ, ಅದು ಮೊದಲು ಬಂದದ್ದು. ಒಬ್ಬರು ಮಾವನಾಗಿ ಮಾತಾಡಲಿ, ಒಬ್ಬರು ಪಾಳೆಯಗಾರನ ದೂತನಾಗಿ, ಒಬ್ಬರು ಕುಂಬಾರಗಿತ್ತಿಯಾಗಿ. ಸೊಸೆಯ ಪಾತ್ರ ವಹಿಸಿದವರಿಗೆ ಒಂದೇ ಸೂಚನೆ: ಅವಳಿಗೂ ತವರಿನಲ್ಲಿ ಒಬ್ಬ ತಮ್ಮನಿದ್ದಾನೆ, ಅವನಿಗೂ ಮೈ ಬಿಸಿಯಾಗಿದೆಯೆಂದು ಬೆಳಿಗ್ಗೆ ಸುದ್ದಿ ಬಂದಿದೆ.